ಆದರ್ಶ ಊರಿನ ನಕ್ಷೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆಲಮಟ್ಟಿ ಹಿನ್ನೀರಿನ ಮುಳುಗಡೆ ಊರುಗಳಿಗೆ ಪುನರ್ವಸತಿ ಕೇಂದ್ರಗಳ ನಕ್ಷೆ ಸಿದ್ಧಪಡಿಸುವ ಅಧಿಕಾರಿಗಳು ಮತ್ತು ಎಂಜಿನಿಯರುಗಳು,
ಹಾಗೂ ಆ ಊರುಗಳ ಹಿರಿಯರು ಮತ್ತು ತಾಯಂದಿರು,
ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆ.

ವಿಷಯ: ಹೊಸ ಊರುಗಳನ್ನು ‘ಆದರ್ಶ ಗ್ರಾಮ’ ಎಂದು ಕರೆಯುವ ಮೊದಲು ನಕ್ಷೆಯಲ್ಲಿ ತಿದ್ದಬೇಕಾದ ಸಂಗತಿಗಳ ಕುರಿತು.

ಮಾನ್ಯರೇ,

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲಾಗುತ್ತಿದೆ. ಅದನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿಗೆ ಕೊಟ್ಟಿದೆ. ನೀರು ಆ ಮಟ್ಟಕ್ಕೆ ಏರಿದರೆ ಇನ್ನೂ 20 ಊರುಗಳು, ಜೊತೆಗೆ ಬಾಗಲಕೋಟೆ ಪಟ್ಟಣದ ಒಂದು ಭಾಗ ಮುಳುಗುತ್ತವೆ. ಅಲ್ಲಿನ ಜನರಿಗೆ ಹೊಸ ಊರು ಕಟ್ಟಿಕೊಡಬೇಕು. ಆ ಊರುಗಳು ‘ಮಾದರಿ’ಯಾಗಿರುತ್ತವೆ, ‘ಆದರ್ಶ’ವಾಗಿರುತ್ತವೆ ಎಂಬ ಮಾತು ಸಭೆ ಸಮಾರಂಭಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ಮಾತನ್ನು ನಾವು ನಂಬಲು ಬಯಸುತ್ತೇವೆ. ನಂಬಬೇಕೆಂದರೆ ಏನೇನು ಆಗಬೇಕು ಎಂಬುದನ್ನು ತಿಳಿಸಲು ಈ ಪತ್ರ.

ಹಳೆಯ ಊರಿನಲ್ಲಿ ಅನ್ಯಾಯ ಗೋಡೆಯೊಳಗೆ ಸೇರಿಹೋಗಿರುತ್ತದೆ. ದಲಿತರ ಕೇರಿ ತಗ್ಗಿನಲ್ಲಿ, ಊರಿನ ಕೊಳಚೆ ಹರಿದು ಹೋಗುವ ದಿಕ್ಕಿನಲ್ಲಿ. ಗುಡಿ, ಚಾವಡಿ, ಸೊಸೈಟಿ, ಸಾಲಿ ಎಲ್ಲವೂ ದೊಡ್ಡ ಓಣಿಯ ಸುತ್ತ. ಅದನ್ನು ಬದಲಿಸಲು ಹೊರಟರೆ ಮನೆ ಕೆಡವಬೇಕು, ಕೋರ್ಟಿಗೆ ಅಲೆಯಬೇಕು, ಜಗಳ ಕಾಯಬೇಕು. ಹೊಸ ಊರಿಗೆ ಗೊತ್ತುಮಾಡಿದ ಬಯಲಿನಲ್ಲಿ ಮಾತ್ರ ಇನ್ನೂ ಯಾವ ಗೋಡೆಯೂ ಎದ್ದಿಲ್ಲ. ನಲ್ಲಿ ಎಲ್ಲಿ, ಗಟಾರ ಎಲ್ಲಿ, ಯಾರ ಮನೆ ಯಾರ ಪಕ್ಕ ಎಂಬುದು ಕಾಗದದ ಮೇಲೆ ತೀರ್ಮಾನವಾಗುತ್ತದೆ. ಕುಂದಿಲ್ಲದ ಸಮಾಜ ಸಾಧ್ಯವೇ ಎಂಬ ಪ್ರಶ್ನೆಯನ್ನು ಪಂಡಿತರು ನೂರಾರು ವರ್ಷಗಳಿಂದ ಚರ್ಚಿಸಿದ್ದಾರೆ. ನಮ್ಮ ಜಿಲ್ಲೆಗಳಲ್ಲಿ ಆ ಪ್ರಶ್ನೆಗೆ ಉತ್ತರ ಬರೆಯುತ್ತಿರುವವರು ತಾವು.

ಸಾಧ್ಯವಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ಈ ನೆಲದ ಚರಿತ್ರೆ ಅದನ್ನೇ ಹೇಳುತ್ತದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿದೆ, ಐಕ್ಯರಾದ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿದೆ. (ಆ ಐಕ್ಯಸ್ಥಳವೂ ನಾರಾಯಣಪುರ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಈಗ ಬಾವಿಯಂತೆ ಕಟ್ಟಿದ ಎತ್ತರದ ಗೋಡೆಯೊಳಗೆ ಇಳಿದೇ ದರ್ಶನ ಪಡೆಯಬೇಕು.) ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಜಾತಿ ಬಿಟ್ಟು, ಕಾಯಕ ಹಿಡಿದು, ದಾಸೋಹ ನಡೆಸಿ ಬದುಕಲು ಹೊರಟರು. ಸಮಗಾರ ಹರಳಯ್ಯನವರ ಮಗನಿಗೆ ಮಧುವರಸರ ಮಗಳನ್ನು ತಂದುಕೊಂಡಾಗ ಅರಮನೆ ಅದನ್ನು ಸಹಿಸಲಿಲ್ಲ. ಬೀಗರಿಬ್ಬರೂ ಪ್ರಾಣ ತೆತ್ತರು, ಶರಣರು ದಿಕ್ಕಾಪಾಲಾದರು. ಅಷ್ಟಾದರೂ ಕಲ್ಯಾಣವನ್ನು ನಾವು ಸೋತ ಊರು ಎಂದು ನೆನೆಯುವುದಿಲ್ಲ. ಅಲ್ಲಿ ಯಾರು ಬೇಕಾದರೂ ಯಾರನ್ನಾದರೂ ಪ್ರಶ್ನಿಸಬಹುದಿತ್ತು. ದಾಸೋಹಕ್ಕೆಂದು ಆಯ್ದಕ್ಕಿ ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮನವರು ತಿರುಗಿ ಕಳಿಸಿದರು. ತಪ್ಪನ್ನು ಮನೆಯೊಳಗೇ ಹಿಡಿದು ತಿದ್ದುವ ಆ ಧೈರ್ಯವೇ ಕಲ್ಯಾಣದ ಆಸ್ತಿ.

ಹತ್ತಿರದ ಕಾಲಕ್ಕೆ ಬಂದರೆ, 1924ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅವರಿಗೆ ಹಳ್ಳಿಯೇ ಸ್ವರಾಜ್ಯದ ಬುನಾದಿ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅದೇ ಹಳ್ಳಿಯನ್ನು ಸಂಕುಚಿತತನದ, ಅಜ್ಞಾನದ ಬೀಡು ಎಂದು ಕರೆದರು. ಸಂವಿಧಾನದ 40ನೆಯ ವಿಧಿಯಲ್ಲಿ ಗ್ರಾಮ ಪಂಚಾಯತಿಗೆ ಜಾಗ ಸಿಕ್ಕಿತು, 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಗೆ ನಿಷೇಧ ಬಂತು. ಒಂದೇ ಹಳ್ಳಿಯನ್ನು ಒಬ್ಬರು ಅದರ ಅಂಗಳದಿಂದ, ಇನ್ನೊಬ್ಬರು ಅದರ ಹೊರಗೇರಿಯಿಂದ ನೋಡಿದರು. ಇಬ್ಬರು ಕಂಡದ್ದೂ ನಿಜ.

ಕುಂದಿಲ್ಲದ ಊರನ್ನು ಯಾರೂ ಕಟ್ಟಲಾರರು. ಆದರೆ ಆ ಕುಂದು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ನಕ್ಷೆಯಲ್ಲೇ ನಿರ್ಧಾರವಾಗುತ್ತದೆ. ನಮ್ಮ ತಕರಾರೆಲ್ಲ ಇದೊಂದೇ.

ನೀರಿನಿಂದಲೇ ಶುರುಮಾಡೋಣ. 400 ಮನೆಗಳ ಒಂದು ಪುನರ್ವಸತಿ ಕೇಂದ್ರ ಎಂದುಕೊಳ್ಳಿ. ಮನೆಗೆ ಐದು ಜನ, ತಲೆಗೆ ದಿನಕ್ಕೆ 55 ಲೀಟರ್ ಎಂಬ ಜಲಜೀವನ ಮಿಷನ್ ಲೆಕ್ಕದಲ್ಲಿ 1,10,000 ಲೀಟರ್ ಬೇಕು. ಓವರ್‌ಹೆಡ್ ಟ್ಯಾಂಕಿಗೂ ಪೈಪಿಗೂ ಈ ಲೆಕ್ಕವೇ ಆಧಾರ. ದನಗಳು ಇದರಲ್ಲಿ ಇಲ್ಲ. ಎಮ್ಮೆಯೋ ಎತ್ತೋ ಬೇಸಿಗೆಯಲ್ಲಿ ದಿನಕ್ಕೆ 50 ಲೀಟರ್ ಕುಡಿಯುತ್ತದೆ. ಊರಲ್ಲಿ 600 ದೊಡ್ಡ ದನ ಇದ್ದರೆ ಇನ್ನೂ 30,000 ಲೀಟರ್ ಆಯಿತು. ಹಳೆಯ ಊರಲ್ಲಿ ಅವು ಹೊಳೆಗೆ ಹೋಗುತ್ತಿದ್ದವು. ಹೊಸ ಊರು ಹೊಳೆಯಿಂದ ದೂರ, ಎತ್ತರದಲ್ಲಿ. ಹೊಳೆಯಲ್ಲಿ ಕುಡಿಯುತ್ತಿದ್ದ ನೀರನ್ನು ಅವು ಈಗ ನಲ್ಲಿಯಿಂದಲೇ ಕುಡಿಯುತ್ತವೆ.

ಕೊರತೆ ಊರಿಗೆಲ್ಲ ಸಮನಾಗಿ ಹಂಚಿಹೋಗುವುದಿಲ್ಲ. ಟ್ಯಾಂಕಿನ ಹತ್ತಿರದ ಮನೆಗಳಿಗೆ ಒತ್ತಡ ಹೆಚ್ಚು, ಪೈಪಿನ ತುದಿಗೆ ಕಡಿಮೆ. ನಡುವೆ ನಾಲ್ಕು ಮನೆಯವರು ನಲ್ಲಿಗೇ ನೇರವಾಗಿ ಮೋಟಾರು ಹಚ್ಚಿದರೆ ಮುಂದಿನ ಪೈಪು ಖಾಲಿ. ಖಾಲಿ ಪೈಪು ತನ್ನ ಸಂದುಗಳಿಂದ ಪಕ್ಕದ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ವಾಂತಿಭೇದಿ ಶುರುವಾಗುವುದು ತುದಿಯ ಓಣಿಯಲ್ಲಿ. ತುದಿಯ ಓಣಿ ಯಾರದು ಎಂದು ನಾವು ಹೇಳಬೇಕಾಗಿಲ್ಲ. ಅಲ್ಲಿ ಜಾತಿಯ ಹೆಸರು ಹೇಳಿ ಯಾರೂ ಯಾರಿಗೂ ನೀರು ನಿಲ್ಲಿಸಲಿಲ್ಲ, ಪೈಪಿನ ವ್ಯಾಸವೇ ಆ ಕೆಲಸ ಮಾಡಿತು.

ಪರಿಹಾರ ಕಷ್ಟದ್ದಲ್ಲ. ಕುಡಿಯುವ ನೀರಿನ ಲೆಕ್ಕಕ್ಕೆ ದನಗಳ ನೀರನ್ನೂ ಸೇರಿಸಿ, ಅಥವಾ ದನಕ್ಕೆಂದೇ ಬೇರೆ ಬೋರ್‌ವೆಲ್ ಮತ್ತು ನೀರಿನ ತೊಟ್ಟಿಗಳನ್ನು ಇಡಿ; ದನಕ್ಕೆ ಸ್ವಲ್ಪ ಸವುಳು ನೀರಾದರೂ ನಡೆಯುತ್ತದೆ. ಪೈಪನ್ನು ಕವಲು ಕವಲಾಗಿ ತುದಿಯಲ್ಲಿ ನಿಲ್ಲಿಸದೆ ಸುತ್ತು ಹಾಕಿ ಕೂಡಿಸಿದರೆ ನೀರು ಎರಡೂ ಕಡೆಯಿಂದ ಬರುತ್ತದೆ. ಊರನ್ನು ಮೂರು ನಾಲ್ಕು ವಲಯ ಮಾಡಿ, ವಲಯಕ್ಕೊಂದು ವಾಲ್ವ್ ಇಟ್ಟು, ನೀರು ಬಿಡುವ ಸಮಯವನ್ನು ಬೋರ್ಡಿನಲ್ಲಿ ಬರೆಸಿ. ಒಂದಂತಸ್ತಿನ ಮನೆಗಳಿರುವ ಊರಲ್ಲಿ ತುದಿಯ ನಲ್ಲಿಯಲ್ಲೂ 7 ಮೀಟರ್ ಒತ್ತಡ (ನೀರು ಅಷ್ಟು ಎತ್ತರಕ್ಕೆ ಏರುವಷ್ಟು) ಇರಬೇಕೆಂಬ ನಿಯಮ ತಮಗೆ ಗೊತ್ತೇ ಇದೆ. ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಮುನ್ನ ಆ ಒತ್ತಡವನ್ನು ಟ್ಯಾಂಕಿನ ಬುಡದಲ್ಲಿ ಅಳೆಯಬೇಡಿ, ಕಟ್ಟಕಡೆಯ ಮನೆಯಲ್ಲಿ ಅಳೆಯಿರಿ. ಕ್ಲೋರಿನ್ ಕೂಡ ಅಲ್ಲೇ ಲೀಟರಿಗೆ 0.2 ಮಿಲಿಗ್ರಾಂ ಸಿಗಬೇಕು.

ಎರಡನೆಯದು ಶೌಚಾಲಯ. ಎರಡು ಗುಂಡಿಯ ಶೌಚಾಲಯ ಒಳ್ಳೆಯ ವ್ಯವಸ್ಥೆ. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ, ಹರಿವನ್ನು ಇನ್ನೊಂದಕ್ಕೆ ತಿರುಗಿಸಿ, ಎರಡು ವರ್ಷ ಹಾಗೇ ಬಿಟ್ಟರೆ ಒಳಗಿನದು ನಾತವಿಲ್ಲದ ಗೊಬ್ಬರವಾಗುತ್ತದೆ. ಮನೆಯವರೇ ತೆಗೆದು ಹೊಲಕ್ಕೆ ಹಾಕಬಹುದು. ಇದೆಲ್ಲ ನಡೆಯುವುದು ಗುಂಡಿಯ ನೀರು ನೆಲಕ್ಕೆ ಇಂಗಿದರೆ ಮಾತ್ರ. ನಮ್ಮ ಕಡೆಯದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ, ಹನಿ ನೀರು ಇಂಗಿಸಿಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಬಿರಿದು ಗುಂಡಿಯ ಇಟ್ಟಿಗೆಯನ್ನೇ ಸೀಳುತ್ತದೆ. ಮರಳು ನೆಲಕ್ಕೆಂದು ಮಾಡಿದ ಡ್ರಾಯಿಂಗನ್ನು ಎರೆಯಲ್ಲಿ ಹಾಗೇ ಕಟ್ಟಿದರೆ ವರ್ಷಗಟ್ಟಲೆ ಬಾಳಬೇಕಾದ ಗುಂಡಿ ಮೊದಲ ಮಳೆಗಾಲಕ್ಕೇ ತುಂಬಿ ಮೇಲೆ ಬರುತ್ತದೆ. ಜಲಾಶಯ ತುಂಬಿದಾಗ ಹಿನ್ನೀರಿನ ಅಂಚಿನ ಹಳ್ಳಿಗಳಲ್ಲಿ ನೆಲದಡಿಯ ನೀರೂ ಮೇಲೇರುವುದರಿಂದ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ.

ಆಗ ಮನೆಯವರು ಏನು ಮಾಡುತ್ತಾರೆ? ಕೆಲವರು ಶೌಚಾಲಯದಲ್ಲಿ ಕಟ್ಟಿಗೆ, ಕುಳ್ಳು ತುಂಬಿಟ್ಟು ಬಯಲಿಗೆ ನಡೆಯುತ್ತಾರೆ. ಉಳಿದವರು ಗುಂಡಿ ಬಳಿಸಲು ಜನ ಕರೆಯುತ್ತಾರೆ. ಹಸಿ ಮಲದ ಗುಂಡಿಗೆ ಇಳಿಯಲು ಕರೆಯುವುದು ಯಾರನ್ನು? ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಆ ಕೆಲಸವನ್ನು ಅಪರಾಧವೆಂದು ಸಾರಿದೆ. ಆದರೆ ಮಣ್ಣಿನ ಗುಣ ನೋಡದೆ ಬರೆದ ಡ್ರಾಯಿಂಗು ಹೊಸ ಊರಿನ ಮೊದಲ ವರ್ಷವೇ ಆ ಕೆಲಸಕ್ಕೆ ಮನುಷ್ಯರನ್ನು ಬೇಡುತ್ತದೆ. ಆದ್ದರಿಂದ ಎರೆ ನೆಲದಲ್ಲಿ ಪ್ರತಿ ಗುಂಡಿಯ ಸುತ್ತ 30 ಸೆಂಟಿಮೀಟರ್ ದಪ್ಪ ಮರಳು, ಇಟ್ಟಿಗೆ ಚೂರಿನ ಹೊದಿಕೆ ಕಡ್ಡಾಯವಾಗಲಿ, ಗುಂಡಿ ಗುಂಡಿಯ ನಡುವೆ ಕನಿಷ್ಠ ಒಂದು ಮೀಟರ್ ಬಿಡಲಿ. ಗುಂಡಿಯ ತಳದಿಂದ ಎರಡು ಮೀಟರ್ ಒಳಗೆ ನೀರು ಸಿಗುವ ಕಡೆ ಗುಂಡಿಯ ಯೋಚನೆಯನ್ನೇ ಬಿಟ್ಟು ಊರಿಗೊಂದು ಒಳಚರಂಡಿ, ಕೊನೆಯಲ್ಲೊಂದು ಶುದ್ಧೀಕರಣ ಘಟಕ ಕಟ್ಟಿ. ಮಳೆಗಾಲದಲ್ಲಿ ಒಂದು ಗುಂಡಿ ತೋಡಿ, ನೀರು ತುಂಬಿಸಿ, ಒಂದು ದಿನಕ್ಕೆ ಎಷ್ಟು ಇಳಿಯಿತು ಎಂದು ಅಳೆದು ನೋಡಿದರೆ ಸಾಕು, ಯಾವುದು ಬೇಕೆಂದು ತಿಳಿಯುತ್ತದೆ. ಟೆಂಡರಿಗಿಂತ ಮೊದಲೇ ಮಾಡಬೇಕಾದ ಪರೀಕ್ಷೆ ಇದು.

ಮೂರನೆಯದು ಬಿಡಿಸಲು ಕಷ್ಟವಾದದ್ದು: ನಿವೇಶನ ಹಂಚಿಕೆ. ಹಳೆಯ ಊರಿನಂತೆ ಕೇರಿ ಕೇರಿಯಾಗಿ ಹಂಚಿದರೆ ಹಳೆಯ ಅನ್ಯಾಯಕ್ಕೆ ಸರಕಾರವೇ ಹೊಸ ಹಕ್ಕುಪತ್ರ ಕೊಟ್ಟಂತೆ. ಎಲ್ಲರನ್ನೂ ಕಲೆಸಿ ಚೀಟಿ ಎತ್ತಿದರೆ ಮುದುಕಿಯೊಬ್ಬಳ ಮಗ್ಗುಲಲ್ಲಿ ನಲವತ್ತು ವರ್ಷ ಇದ್ದ ನೆರೆಮನೆ ಊರಿನ ಇನ್ನೊಂದು ತುದಿಗೆ ಹೋಗುತ್ತದೆ. ಹೊತ್ತಿಲ್ಲದ ಹೊತ್ತಲ್ಲಿ ಕೂಗಿದರೆ ಓಡಿ ಬರುವವರಿಲ್ಲ. ಒಂಟಿ ದಲಿತ ಕುಟುಂಬವೊಂದು ಅಪರಿಚಿತ ಓಣಿಯಲ್ಲಿ ಭಯದಿಂದ ಬಾಳಬೇಕಾಗಲೂಬಹುದು. ಸಮಾನತೆಯೂ ಬೇಕು, ನೆರೆಹೊರೆಯೂ ಬೇಕು. ಎರಡೂ ಒಳ್ಳೆಯವೇ, ಆದರೆ ಒಂದಕ್ಕೊಂದು ಅಡ್ಡ ಬರುತ್ತವೆ. ಕುಂದಿಲ್ಲದ ಸಮಾಜ ಯಾಕೆ ಆಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮಗೆ ಗೊತ್ತಿಲ್ಲ. ಎಲ್ಲರೂ ಸಜ್ಜನರೇ ಆಗಿದ್ದರೂ ಈ ತೊಡಕು ತೊಡಕಾಗಿಯೇ ಉಳಿಯುತ್ತದೆ.

ನಮ್ಮ ಸಲಹೆ ನಡುದಾರಿಯದು. ಎಂಟು ಹತ್ತು ಮನೆಯವರು ತಾವಾಗಿಯೇ ಕೂಡಿ ಒಂದು ಗುಂಪು ಮಾಡಿಕೊಳ್ಳಲಿ. ಗುಂಪು ಒಡೆಯಬೇಡಿ. ಆದರೆ ಯಾವ ಗುಂಪಿಗೆ ಊರಿನ ಯಾವ ಜಾಗ ಎಂಬುದನ್ನು ಎಲ್ಲರೆದುರು ಚೀಟಿ ಎತ್ತಿ ನಿರ್ಧರಿಸಿ. ಆಗ ಮುಖ್ಯರಸ್ತೆ, ಗುಡಿಯ ಮುಂದಿನ ಸಾಲು, ಸಾಲಿಯ ಪಕ್ಕದ ಜಾಗ ಒಂದೇ ಸಮುದಾಯದ ಪಾಲಾಗುವುದಿಲ್ಲ, ತಗ್ಗಿನ ಸಾಲೂ ಒಂದೇ ಸಮುದಾಯಕ್ಕೆ ಗಂಟುಬೀಳುವುದಿಲ್ಲ. ಹೀಗೆ ಮಾಡಿದರೂ ಬಹಳಷ್ಟು ಗುಂಪುಗಳು ಒಂದೊಂದೇ ಜಾತಿಯವಾಗಿರುತ್ತವೆ ಎಂಬುದು ನಮಗೆ ಗೊತ್ತಿದೆ. ಆದರೂ ನಾಲ್ಕು ಹೆಜ್ಜೆ ಆಚೆ ಬೇರೆ ಗುಂಪಿನ ಬಾಗಿಲು ಇರುತ್ತದೆ, ಮಕ್ಕಳು ಒಂದೇ ಬೀದಿಯಲ್ಲಿ ಆಡುತ್ತಾರೆ. ಊರ ಹಿರಿಯರಲ್ಲಿ ನಮ್ಮ ಕೈಮುಗಿದ ವಿನಂತಿ: ಚೀಟಿ ಎತ್ತುವ ದಿನ ಅಧಿಕಾರಿಗಳ ಮೇಲೆ ಒತ್ತಡ ತಂದು ‘ನಮ್ಮ ಓಣಿ ನಮಗೇ ಬೇರೆ ಮಾಡಿಕೊಡಿ’ ಎನ್ನಬೇಡಿ. ನೆಲ ಕಳಕೊಂಡ ಸಂಕಟ ನಿಮ್ಮದೂ ಅವರದೂ ಒಂದೇ.

ಮನೆಯ ವಿಷಯಕ್ಕೆ ಬರುತ್ತೇವೆ. 2013ರ ಭೂಸ್ವಾಧೀನ ಕಾಯ್ದೆಯ ಎರಡನೆಯ ಅನುಸೂಚಿಯಂತೆ ಹಳ್ಳಿಯಲ್ಲಿ ಮನೆ ಕಳಕೊಂಡವರಿಗೆ ಇಂದಿರಾ ಆವಾಸ್ ಮಾದರಿಯ ಮನೆ, ಪಟ್ಟಣದಲ್ಲಾದರೆ ಕನಿಷ್ಠ 50 ಚದರ ಮೀಟರಿನ ಮನೆ. ಯಾವ ಮಾದರಿಯಲ್ಲೂ ಎತ್ತಿಗೆ ಜಾಗವಿಲ್ಲ. ಒಂದು ಜೋಡಿ ಎತ್ತು, ಒಂದು ಎಮ್ಮೆಗೆ ಗೋದಲಿ ಸೇರಿಸಿ ಸುಮಾರು 12 ಅಡಿ ಅಗಲ, 15 ಅಡಿ ಉದ್ದ ಬೇಕು. ಬಣವಿಗೆ, ತಿಪ್ಪೆಗೆ, ಬಂಡಿ ಅಥವಾ ಟ್ರ್ಯಾಕ್ಟರ್ ತಿರುಗಲು ಹಿತ್ತಲು ಬೇಕು. ಹಿತ್ತಲಿಲ್ಲದಿದ್ದರೆ ರೈತ ಎರಡರಲ್ಲೊಂದು ಮಾಡುತ್ತಾನೆ: ದನ ಮಾರುತ್ತಾನೆ, ಇಲ್ಲವೇ ರಸ್ತೆಯಲ್ಲೇ ಗೂಟ ಬಡಿಯುತ್ತಾನೆ. ರಸ್ತೆ ಅತಿಕ್ರಮಣ ಎಂದು ಆಮೇಲೆ ನೋಟಿಸು ಕೊಡುವುದಕ್ಕಿಂತ ಈಗಲೇ ಜಾಗ ಬಿಡುವುದು ಲೇಸು. ಕುಣಿ ಮಗ್ಗದವರ ಮನೆಗೆ ನೆಲದಲ್ಲಿ ಕಾಲಿಳಿಸುವ ಕುಣಿ, ಒಂದು ಬದಿಯಿಂದ ಬೆಳಕು ಬೇಕು. ಮೊದಲೇ ಟೈಲ್ಸ್ ಹಾಕಿಕೊಟ್ಟರೆ ಅವರು ಅದನ್ನು ಅಗೆದೇ ಕುಣಿ ತೋಡಬೇಕು. ಡ್ರಾಯಿಂಗ್ ಅಂತಿಮಗೊಳಿಸುವ ಮೊದಲು ಬಯಲಿನಲ್ಲಿ ಒಂದು ನಿವೇಶನವನ್ನು ಸುಣ್ಣದ ಗೆರೆ ಹಾಕಿ ಪೂರ್ತಿ ಅಳತೆಯಲ್ಲಿ ಗುರುತು ಮಾಡಿ. ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ, ಗೋದಲಿ ಎಲ್ಲಿ ಎಂದು ಹೆಣ್ಣುಮಕ್ಕಳು ಅದರೊಳಗೆ ಓಡಾಡಿ ನೋಡಲಿ, ಒಂದು ಜೋಡಿ ಎತ್ತನ್ನೂ ತಂದು ಕಟ್ಟಿ ನೋಡಿ. ಕಾಗದದಲ್ಲಿ ಕಾಣದ ತಪ್ಪು ಅರ್ಧ ತಾಸಿನಲ್ಲಿ ಕಾಣುತ್ತದೆ.

ಅದೇ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಹೊಸ ಊರಿಗೆ ಇರಲೇಬೇಕಾದ ಸೌಕರ್ಯಗಳ ಪಟ್ಟಿ ಇದೆ. ರಸ್ತೆ, ಚರಂಡಿ, ಗೋಮಾಳ, ಪಂಚಾಯತ್ ಕಟ್ಟಡ, ಪಡಿತರ ಅಂಗಡಿ ಎಲ್ಲ ಇವೆ. ಸ್ಮಶಾನದ ಮಾತು ಬಂದಾಗ ಮಾತ್ರ, ಅಲ್ಲಿರುವ ಜಾತಿ ಸಮುದಾಯಗಳು ಮತ್ತು ಅವರ ರೂಢಿಯನ್ನು ಅನುಸರಿಸಿ ಎಂದು ಕಾನೂನೇ ಹೇಳುತ್ತದೆ. ರೂಢಿಗೆ ಜಾಗ ಬಿಡುವುದು ಸರಿ. ಹೂಳುವವರಿಗೆ ಹೂಳುವ ನೆಲ, ಸುಡುವವರಿಗೆ ಸುಡುವ ಕಟ್ಟೆ, ಮುಸ್ಲಿಮರಿಗೆ ಖಬರಸ್ತಾನ ಇರಲಿ. ಆದರೆ ಲಿಂಗಾಯತರೂ ಹೂಳುತ್ತಾರೆ, ದಲಿತರಲ್ಲಿ ಅನೇಕರೂ ಹೂಳುತ್ತಾರೆ. ಒಂದೇ ರೂಢಿಯವರಿಗೆ ಎರಡು ಬೇಲಿ ಏಕೆ? ಪದ್ಧತಿಗೆ ತಕ್ಕಂತೆ ಭಾಗ ಮಾಡಿ, ಜಾತಿಗೆ ತಕ್ಕಂತೆ ಮಾಡಬೇಡಿ. ಅಲ್ಲಿಗೆ ಹೋಗುವ ರಸ್ತೆ ಖಾಸಗಿ ಹೊಲದ ನಡುವೆ ಹಾಯದಂತೆ ಸರ್ವೆ ನಂಬರಿನಲ್ಲೇ ದಾಖಲಾಗಲಿ. ಹೆಣ ಹೊತ್ತು ನಿಂತವರನ್ನು ಹೊಲದ ಒಡೆಯ ತಡೆಯುವ ಪ್ರಸಂಗ ಹೊಸ ಊರಿನಲ್ಲಾದರೂ ಬರಬಾರದು.

ಕುಟುಂಬಗಳ ಪಟ್ಟಿಯ ಬಗ್ಗೆ ಚಿಕ್ಕದಾಗಿ. ಕಾಯ್ದೆಯ ಪ್ರಕಾರ ಮೂರು ವರ್ಷದಿಂದ ಆ ನೆಲವನ್ನೇ ನೆಚ್ಚಿ ದುಡಿದ ಕೂಲಿಕಾರರು, ಗೇಣಿದಾರರು, ಕಸುಬುದಾರರು ಭೂಮಿ ಇಲ್ಲದಿದ್ದರೂ ಬಾಧಿತ ಕುಟುಂಬವೇ. ವಿಧವೆಯರು, ವಿಚ್ಛೇದಿತರು, ಗಂಡ ಬಿಟ್ಟವರು ಪ್ರತ್ಯೇಕ ಕುಟುಂಬ. ಸಮೀಕ್ಷೆಗೆ ಬಂದವರು ಉತಾರ (ಪಹಣಿ) ನೋಡಿ ಹೆಸರು ಬರೆದುಕೊಂಡು ಹೋದರೆ ಇವರೆಲ್ಲ ಬಿಟ್ಟುಹೋಗುತ್ತಾರೆ. ಮನೆ ಮನೆಗೆ ಹೋಗಿ, ಹೆಂಗಸರನ್ನೇ ಕೇಳಿ ಬರೆಯಬೇಕು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಬರಲಿ, ಕೊಟ್ಟ ಕೂಡಲೇ ಪಂಚಾಯತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಏರಲಿ. ಬರಿಯ ಹಕ್ಕುಪತ್ರ ಕೈಯಲ್ಲಿ ಹಿಡಿದು ಬ್ಯಾಂಕಿಗೆ ಹೋದರೆ ಸಾಲ ಸಿಗುವುದಿಲ್ಲ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲೂ ಆಗುವುದಿಲ್ಲ. ಕೇಂದ್ರವನ್ನು ಪಂಚಾಯತಿಗೆ ಹಸ್ತಾಂತರಿಸುವುದು ತಡವಾದರೆ ಬೀದಿದೀಪದ ಬಿಲ್ಲು ಕಟ್ಟುವವರು ಯಾರು, ಕೆಟ್ಟ ಮೋಟಾರು ರಿಪೇರಿ ಮಾಡಿಸುವವರು ಯಾರು ಎಂಬುದೇ ತಿಳಿಯದೆ ಜನ ಎರಡು ಕಚೇರಿಗಳ ನಡುವೆ ಅಲೆಯುತ್ತಾರೆ.

ಇಷ್ಟೆಲ್ಲ ಸರಿಮಾಡಿದರೂ ನಕ್ಷೆಯಲ್ಲಿ ತಪ್ಪು ಉಳಿಯುತ್ತದೆ, ಅದು ಸಹಜ. ಊರಿನ ನೆಲದಲ್ಲಿ ಇಪ್ಪತ್ತರಲ್ಲೊಂದು ಪಾಲನ್ನು ಯಾವ ಹೆಸರೂ ಬರೆಯದೆ ಖಾಲಿ ಬಿಡಿ. ಇವತ್ತಿನ ಮಕ್ಕಳಿಗೆ ನಾಳೆ ಮನೆ ಬೇಕಾಗುತ್ತದೆ, ನಾವು ಯೋಚಿಸದ ಅಗತ್ಯಗಳೂ ಬರುತ್ತವೆ. ಪ್ರತಿ ಆರು ತಿಂಗಳಿಗೊಮ್ಮೆ ನಡೆಯಬೇಕಾದ ವಾರ್ಡ್ ಸಭೆ, ಗ್ರಾಮಸಭೆಗಳು ಹೊಸ ಊರಿನಲ್ಲಿ ಮೊದಲ ವರ್ಷದಿಂದಲೇ ನಡೆಯಲಿ. ಸಭಾಭವನಕ್ಕೆ ಬೀಗ ಹಾಕಿ, ಸಹಿ ಪುಸ್ತಕ ಮನೆ ಮನೆಗೆ ಕಳಿಸಿ ‘ಸಭೆ ಜರುಗಿತು’ ಎಂದು ಬರೆಯುವ ಪದ್ಧತಿ ನಿಲ್ಲಲಿ. ಕೂಲಿಯವರೂ ಹೆಂಗಸರೂ ಬರುವ ಹೊತ್ತು ಸಂಜೆ ಏಳರ ಮೇಲೆ, ಸಭೆಯೂ ಆಗಲೇ ಇರಲಿ. ಒಮ್ಮೆಯಾದರೂ ತುದಿಯ ಓಣಿಯಲ್ಲೇ ನಡೆಯಲಿ. ಹಿಂದಿನ ಸಭೆಯಲ್ಲಿ ಬಂದ ದೂರುಗಳಲ್ಲಿ ಯಾವುದು ತೀರಿತು, ಯಾವುದು ತೀರಲಿಲ್ಲ, ಯಾಕೆ ಎಂದು ಓದಿ ಹೇಳಿದ ಮೇಲೆಯೇ ಹೊಸ ವಿಷಯಕ್ಕೆ ಹೋಗಬೇಕು. ಊರಿನಲ್ಲಿ ಕಡಿಮೆ ಬಲವಿರುವವರು ಎದ್ದು ನಿಂತು ‘ಇದು ತಪ್ಪು’ ಎಂದು ಹೇಳಿ, ಮರುದಿನ ಕೂಲಿ ಕಳೆದುಕೊಳ್ಳದೆ ಇರಬಲ್ಲರೇ? ‘ಆದರ್ಶ ಗ್ರಾಮ’ದ ಅಂಕಪಟ್ಟಿಯಲ್ಲಿ ಸೇರಿಸಬೇಕಾದ ಪ್ರಶ್ನೆ ಅದು.

ಈ ಎಲ್ಲದಕ್ಕೂ ಸಮಯ ಇದೆ. ನೀರಾವರಿ ಯೋಜನೆಗಳಲ್ಲಿ ಭೂಮಿ ಮುಳುಗುವುದಕ್ಕೆ ಆರು ತಿಂಗಳು ಮೊದಲೇ ಪುನರ್ವಸತಿ ಪೂರ್ಣವಾಗಿರಬೇಕು ಎಂದು ಭೂಸ್ವಾಧೀನ ಕಾಯ್ದೆಯ 38ನೆಯ ಕಲಮು ಹೇಳುತ್ತದೆ. ಪೂರ್ಣ ಎಂಬುದನ್ನು ಮನೆಗಳ ಎಣಿಕೆಯಿಂದ ಅಳೆಯದೆ, ತುದಿಯ ನಲ್ಲಿಯಲ್ಲಿ ನೀರು, ಇಂಗುವ ಗುಂಡಿ, ನಡೆಯುವ ಸಾಲಿ, ಇ-ಸ್ವತ್ತಿಗೆ ಏರಿದ ಹಕ್ಕುಪತ್ರ, ಸ್ಮಶಾನಕ್ಕೆ ದಾರಿ ಇವಿಷ್ಟೂ ಇರುವಂತೆ ವ್ಯಾಖ್ಯಾನ ಮಾಡಿ ಲಿಖಿತ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ. 16ನೆಯ ಕಲಮಿನಂತೆ ನಡೆಯಬೇಕಾದ ಸಾರ್ವಜನಿಕ ಅಹವಾಲಿಗೆ ಒಂದು ತಿಂಗಳು ಮೊದಲೇ ಪ್ರತಿ ಊರಿನ ಕರಡು ನಕ್ಷೆಯನ್ನು, ನೀರಿನ ಪೈಪಿನ ದಾರಿ ಮತ್ತು ಗಟಾರದ ಇಳಿಜಾರು ಸಹಿತ, ದೊಡ್ಡ ಅಳತೆಯಲ್ಲಿ ಚಾವಡಿಯ ಗೋಡೆಗೂ ದಲಿತ ಕೇರಿಯ ಸಮುದಾಯ ಭವನದ ಗೋಡೆಗೂ ಅಂಟಿಸಿ. ಓದಲು ಬಾರದವರಿಗೆ ವಿವರಿಸಲು ಒಬ್ಬ ಎಂಜಿನಿಯರರು ವಾರದಲ್ಲಿ ಎರಡು ಸಂಜೆ ಅಲ್ಲಿ ಕೂಡ್ರಲಿ. ಬಂದ ಆಕ್ಷೇಪಣೆಗಳಿಗೆ ಒಂದೊಂದಕ್ಕೂ ಕನ್ನಡದಲ್ಲಿ ಬರಹದ ಉತ್ತರ ಕೊಡಿ. ಮೊದಲ ಕರಡು ಯಾವ ಊರಿನಲ್ಲಿ, ಯಾವ ದಿನ ಗೋಡೆಗೆ ಬರುತ್ತದೆ ಎಂಬುದನ್ನು ಈ ಪತ್ರಕ್ಕೆ ಉತ್ತರವಾಗಿ ಬಹಿರಂಗವಾಗಿ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಮುಳುಗಡೆ ಊರುಗಳ ಪುನರ್ವಸತಿ ಕೆಲಸ ಬಲ್ಲ ನಿವೃತ್ತ ಎಂಜಿನಿಯರುಗಳು, ಶಿಕ್ಷಕರು ಮತ್ತು ಗ್ರಾಮ ಪಂಚಾಯತ್ ಮಾಜಿ ಸದಸ್ಯರು,
ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆ